ಪಾಸ್‌ವರ್ಡ್ ಕಪಾಟು ಒಂದೇ, ಬೀಗ ಮಾತ್ರ ಬೇರೆ ಬೇರೆ

ಸೋಮವಾರಪೇಟೆ ತಾಲ್ಲೂಕಿನ ನಮ್ಮ ಮನೆಯಲ್ಲಿ ಪಾಸ್‌ವರ್ಡ್‌ಗಳು ಈ ಮಳೆಗಾಲದವರೆಗೆ ಮೂರು ಕಡೆ ಚದುರಿದ್ದವು. ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿಯ ಕೊನೆಯ ಪುಟಗಳಲ್ಲಿ ಕೆಲವು, ಯಜಮಾನರ ಫೋನಿನ ಬ್ರೌಸರ್ ತಾನಾಗಿ ನೆನಪಿಟ್ಟುಕೊಂಡವು ಕೆಲವು, ಉಳಿದವು ನಾನು ನನಗೇ ಕಳುಹಿಸಿಕೊಂಡ ವಾಟ್ಸ್‌ಆ್ಯಪ್ ಸಂದೇಶಗಳಲ್ಲಿ. ಆಷಾಢದ ತೇವಕ್ಕೆ ಡೈರಿಯ ಹಾಳೆಗಳು ಒಂದಕ್ಕೊಂದು ಅಂಟಿಕೊಂಡು, ಅಂಚಿಗೆ ಬೂಸ್ಟು ಹತ್ತಿ, ಜೆಲ್ ಪೆನ್ನಿನ ಬರಹ ಹರಡಿ, ‘8’ ಯಾವುದು ‘6’ ಯಾವುದು ಎಂದು ಹೇಳಲಾಗದ ಸ್ಥಿತಿಗೆ ಬಂದಿದ್ದವು. ಕಾಫಿ ಕೊಯ್ಲು ಮುಗಿದು, ತೋಟದ ಕೆಲಸ ಕಡಿಮೆ ಇದ್ದು, ಹೊರಗೆ ಹೋಗಲಾಗದಷ್ಟು ಮಳೆ ಸುರಿಯುವ ಈ ತಿಂಗಳುಗಳಲ್ಲೇ ಇದನ್ನು ಸರಿಪಡಿಸುವುದೆಂದು ನಿಶ್ಚಯಿಸಿ, ಮಾಡಿದ್ದನ್ನು ಕ್ರಮವಾಗಿ ಇಲ್ಲಿ ದಾಖಲಿಸಿದ್ದೇನೆ.

ತೋಟದ ಲೆಕ್ಕಪತ್ರ ನೋಡುವವಳು ನಾನು. ಹೊರಗಿನ ವ್ಯವಹಾರ ಯಜಮಾನರದು. ಆದ್ದರಿಂದ ಒಂದೇ ಖಾತೆಯನ್ನು ಇಬ್ಬರೂ ತೆರೆಯಬೇಕಾದ ಸಂದರ್ಭಗಳು ಬಹಳ. ಸೆಸ್ಕ್‌ನ ವಿದ್ಯುತ್ ಬಿಲ್ಲು ಕಟ್ಟಬೇಕು, ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ ಸಂಖ್ಯೆ ಹುಡುಕಬೇಕು, ಪಹಣಿ ತೆಗೆಯಬೇಕು, ಗ್ಯಾಸ್ ಬುಕ್ ಮಾಡಬೇಕು. ನಮ್ಮ ಜಿಲ್ಲೆಗೆ ರೈಲೇ ಬಂದಿಲ್ಲವಾದರೂ ಮೈಸೂರಿನಿಂದ ಹೊರಡುವ ರೈಲಿಗೆ ಟಿಕೆಟ್ ಮಾಡುವ ಐಆರ್‌ಸಿಟಿಸಿ ಪಾಸ್‌ವರ್ಡನ್ನು ಮರೆಯುವುದರಿಂದ ನಮಗೇನೂ ವಿನಾಯಿತಿ ಸಿಕ್ಕಿಲ್ಲ.

ಬಹಳ ಮನೆಗಳಲ್ಲಿ ಮಾಡುವ ಸುಲಭದ ಉಪಾಯವೆಂದರೆ ಎಲ್ಲ ಪಾಸ್‌ವರ್ಡ್‌ಗಳನ್ನೂ ಒಂದೆಡೆ ಕಾಯ್ದಿಡುವ ಪಾಸ್‌ವರ್ಡ್ ಮ್ಯಾನೇಜರ್ ಆ್ಯಪಿನಲ್ಲಿ ಒಂದೇ ಖಾತೆ ತೆರೆದು, ಅದನ್ನು ತೆರೆಯುವ ಮಾಸ್ಟರ್ ಪಾಸ್‌ವರ್ಡನ್ನು ಗಂಡ-ಹೆಂಡತಿ ಇಬ್ಬರೂ ಇಟ್ಟುಕೊಳ್ಳುವುದು. ಯಜಮಾನರ ಸಲಹೆಯೂ ಅದೇ ಆಗಿತ್ತು. ನಾನು ಒಪ್ಪಲಿಲ್ಲ. ಪಾಸ್‌ವರ್ಡಿನ ನಂತರ ಇನ್ನೊಂದು ಸಂಕೇತ ಕೇಳುವ ಎರಡನೇ ಹಂತದ ಪರಿಶೀಲನೆ ಯಾರಾದರೂ ಒಬ್ಬರ ಫೋನಿಗೆ ಕಟ್ಟುಬಿದ್ದಿರುತ್ತದೆ. ಒಬ್ಬರು ಮಾಸ್ಟರ್ ಪಾಸ್‌ವರ್ಡ್ ಬದಲಿಸಿದರೆ ಇನ್ನೊಬ್ಬರು ಹೊರಗುಳಿಯುತ್ತಾರೆ. ಒಬ್ಬರ ಫೋನು ಕಳ್ಳರ ಕೈಗೆ ಸಿಕ್ಕರೆ ಇಬ್ಬರ ಬದುಕೂ ಒಟ್ಟಿಗೆ ತೆರೆದುಕೊಳ್ಳುತ್ತದೆ. ಇದಕ್ಕಿಂತ ಮುಖ್ಯವಾಗಿ, ಇಂಥ ಸೇವೆಗಳ ಷರತ್ತುಗಳನ್ನು ಓದಿದರೆ ಒಂದು ಲಾಗಿನ್ ಒಬ್ಬ ವ್ಯಕ್ತಿಯ ಬಳಕೆಗೆ ಮಾತ್ರ ಎಂದಿರುತ್ತದೆ. ನಾವು ಕಡೆಗೆ ಆರಿಸಿಕೊಂಡ ಬಿಟ್‌ವಾರ್ಡನ್ ಎಂಬ ಪಾಸ್‌ವರ್ಡ್ ಮ್ಯಾನೇಜರಿನ ಷರತ್ತಿನಲ್ಲೂ ಅದೇ ಮಾತಿದೆ. ಹಂಚಿಕೊಳ್ಳಲು ಅವರೇ ಬೇರೆ ದಾರಿ ಮಾಡಿಟ್ಟಿರುವಾಗ ಕಿಟಕಿಯಿಂದ ನುಗ್ಗುವ ಅಗತ್ಯವೇನೂ ಇಲ್ಲ.

ಆಯ್ಕೆ

ಆಯ್ಕೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಆಪಲ್ ಸಂಸ್ಥೆ 2023ರಲ್ಲಿ ಐಒಎಸ್ 17ರ ಜೊತೆಗೆ ಪಾಸ್‌ವರ್ಡ್ ಹಂಚಿಕೊಳ್ಳುವ ಗುಂಪುಗಳನ್ನು ತಂದಿದೆ, ಆದರೆ ನಮ್ಮಿಬ್ಬರದೂ ಆ್ಯಂಡ್ರಾಯ್ಡ್. ಗೂಗಲ್ 2024ರಿಂದ ಕುಟುಂಬದ ಗುಂಪಿನೊಳಗೆ ಹಂಚಲು ಅವಕಾಶ ಕೊಟ್ಟಿದೆ. ಅದರಲ್ಲಿ ಪಡೆದುಕೊಂಡವರಿಗೆ ಸಿಗುವುದು ಪಾಸ್‌ವರ್ಡಿನ ಒಂದು ಪ್ರತಿ ಆಗಿರುವುದರಿಂದ, ನಾಳೆ ನಾನು ಬದಲಿಸಿದ್ದು ಯಜಮಾನರ ಫೋನಿನಲ್ಲಿ ತಾನಾಗಿ ಬದಲಾಗುವುದಿಲ್ಲ. ಕೀಪಾಸ್‌ಎಕ್ಸ್‌ಸಿ ಬಹಳ ಒಳ್ಳೆಯ ತಂತ್ರಾಂಶ. ಎಲ್ಲವನ್ನೂ ಒಂದೇ ಕಡತದಲ್ಲಿ ಗೂಢಲಿಪೀಕರಿಸಿ (ಕೀಲಿಯಿಲ್ಲದೆ ಓದಲಾಗದಂತೆ ಮಾಡಿ) ನಮ್ಮ ಕೈಗೇ ಕೊಡುತ್ತದೆ, ಯಾರ ಸರ್ವರನ್ನೂ ನಂಬಬೇಕಾಗಿಲ್ಲ. ಆದರೆ ಆ ಕಡತವನ್ನು ಎರಡು ಫೋನು ಮತ್ತು ಒಂದು ಲ್ಯಾಪ್‌ಟಾಪಿನ ನಡುವೆ ಹೊಂದಿಸುವ ಹೊಣೆ ನಮ್ಮದೇ. ದಿನಕ್ಕೆ ಹತ್ತು ಸಲ ನೆಟ್‌ವರ್ಕ್ ಹೋಗಿಬರುವ ಊರಿನಲ್ಲಿ ಇಬ್ಬರೂ ಒಂದೇ ಹೊತ್ತಿಗೆ ತಿದ್ದಿದರೆ ಎರಡು ಬೇರೆ ಬೇರೆ ಕಡತಗಳು ಹುಟ್ಟಿಕೊಳ್ಳುತ್ತವೆ. ಅವನ್ನು ಒಂದುಗೂಡಿಸುವ ಸೌಲಭ್ಯ ಅದರಲ್ಲೇ ಇದೆಯಾದರೂ ಆ ಕೆಲಸ ಪ್ರತಿ ಸಲವೂ ನನ್ನ ತಲೆಗೇ ಬರುವುದು ಖಚಿತವಿತ್ತು.

ಬಿಟ್‌ವಾರ್ಡನ್‌ನಲ್ಲಿ ಪ್ರತಿಯೊಬ್ಬರಿಗೂ ಉಚಿತ ಖಾತೆ ಇದೆ. ಪಾಸ್‌ವರ್ಡ್‌ಗಳ ಸಂಖ್ಯೆಗೂ ಸಾಧನಗಳ ಸಂಖ್ಯೆಗೂ ಮಿತಿಯಿಲ್ಲ. ಅದರ ಜೊತೆಗೆ ಇಬ್ಬರು ಸದಸ್ಯರ ಒಂದು ‘ಆರ್ಗನೈಸೇಷನ್’ ಕೂಡ ಉಚಿತ. ಹೆಸರು ದೊಡ್ಡದಾದರೂ ಅದು ಹಂಚಿಕೆಯ ಕಪಾಟು ಅಷ್ಟೆ: ಅದರಲ್ಲಿ ‘ಕಲೆಕ್ಷನ್’ ಎಂಬ ಎರಡು ಅರೆಗಳನ್ನು ಮಾಡಿಕೊಳ್ಳಬಹುದು, ಕಪಾಟಿನಲ್ಲಿಟ್ಟದ್ದು ಇಬ್ಬರಿಗೂ ಕಾಣುತ್ತದೆ, ಅವರವರ ಖಾಸಗಿ ಪೆಟ್ಟಿಗೆಯಲ್ಲಿ ಉಳಿದದ್ದು ಅವರವರಿಗೆ ಮಾತ್ರ. ಒಬ್ಬರು ಒಂದು ಉಚಿತ ಆರ್ಗನೈಸೇಷನ್ನಿಗೆ ಮಾತ್ರ ಒಡೆಯರಾಗಿರಬಹುದು. ಗಂಡ-ಹೆಂಡತಿಗೆ ಇಷ್ಟು ಸಾಕು. ಮಕ್ಕಳನ್ನೂ ಸೇರಿಸುವವರಿಗೆ ಆರು ಜನರ ಕುಟುಂಬ ಯೋಜನೆ ಇದೆ, ಅದಕ್ಕೆ ವಾರ್ಷಿಕ ಶುಲ್ಕ ಕಟ್ಟಬೇಕು.

ಹಂಚುವ ಮೊದಲು ಯಾರ ಹೆಸರಿನ ಖಾತೆ ಎಂದು ನೋಡಿದ್ದು

ಆ್ಯಪ್ ಹಾಕಿಕೊಳ್ಳುವ ಮೊದಲು ರೂಲು ಹಾಕಿದ ಹಾಳೆಯ ಮೇಲೆ ನಮ್ಮ ಎಲ್ಲ ಖಾತೆಗಳನ್ನೂ ಬರೆದೆ. ಒಂದೊಂದರ ಮುಂದೆಯೂ ಖಾತೆ ಯಾರ ಹೆಸರಿನಲ್ಲಿದೆ, ಒಟಿಪಿ ಯಾವ ನಂಬರಿಗೆ ಬರುತ್ತದೆ, ಆ ಖಾತೆಯ ನಿಯಮ ಬೇರೆಯವರ ಬಳಕೆಯನ್ನು ಒಪ್ಪುತ್ತದೆಯೇ ಎಂದು ಗುರುತು ಹಾಕಿದೆ. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದದ್ದೂ, ಹೆಚ್ಚು ಉಪಯೋಗಕ್ಕೆ ಬಂದದ್ದೂ ಈ ಹಾಳೆಯೇ. ಆ್ಯಪಿನಲ್ಲಿ ಹಂಚಲು ಬರುತ್ತದೆ ಎಂಬ ಮಾತ್ರಕ್ಕೆ ಖಾತೆಯ ನಿಯಮ ಅದನ್ನು ಒಪ್ಪಿದಂತಾಗುವುದಿಲ್ಲ ಎಂಬುದನ್ನು ಯಜಮಾನರಿಗೆ ಮನದಟ್ಟು ಮಾಡಲು ಈ ಹಾಳೆಯನ್ನೇ ಮುಂದಿಟ್ಟುಕೊಂಡು ಕೂರಬೇಕಾಯಿತು.

ವೈಫೈ, ರೂಟರಿನ ಒಳಗಿನ ಲಾಗಿನ್, ವಿದ್ಯುತ್ ಬಿಲ್ಲು, ಪತ್ರಿಕೆಯ ಚಂದಾ, ತೋಟದ ಕ್ಯಾಮೆರಾ, ಪಂಪ್‌ಸೆಟ್ಟಿನ ವಾರಂಟಿ ನೋಂದಣಿ ಇವೆಲ್ಲ ಮನೆಗೆ ಸೇರಿದವು, ಒಬ್ಬ ವ್ಯಕ್ತಿಗಲ್ಲ. ಇವನ್ನು ಹಂಚುವುದರಲ್ಲಿ ಎರಡು ಮಾತಿಲ್ಲ. ಸಿನಿಮಾ ನೋಡುವ ಚಂದಾಗಳು ಒಂದೇ ಸೂರಿನ ಕೆಳಗಿರುವವರಿಗೆ ಎಂಬ ನಿಯಮದವು. ನೆಟ್‌ಫ್ಲಿಕ್ಸ್ 2023ರಿಂದ ಭಾರತದಲ್ಲಿಯೂ ಇದನ್ನು ಬಿಗಿಯಾಗಿ ನೋಡುತ್ತಿದೆ. ನಾವಿಬ್ಬರೂ ಒಂದೇ ಮನೆಯವರಾದ್ದರಿಂದ ತೊಂದರೆಯಿಲ್ಲ. ಮೈಸೂರಿನಲ್ಲಿರುವ ನಾದಿನಿಗೆ ಅದನ್ನು ಕೊಡುವುದು ಬೇರೆ ಪ್ರಶ್ನೆ.

ಆದಾಯ ತೆರಿಗೆಯ ಇ-ಫೈಲಿಂಗ್ ಖಾತೆಯಲ್ಲಿ ಪ್ಯಾನ್ ಸಂಖ್ಯೆಯೇ ಬಳಕೆದಾರರ ಹೆಸರು. ಅದು ಹುಟ್ಟಿನಿಂದಲೇ ಒಬ್ಬರದು. ಆಧಾರ್, ಡಿಜಿಲಾಕರ್, ಐಆರ್‌ಸಿಟಿಸಿ ಇವೂ ಅದೇ ಸಾಲಿಗೆ ಸೇರುತ್ತವೆ. ಇವನ್ನು ಅವರವರ ಖಾಸಗಿ ಪೆಟ್ಟಿಗೆಯಲ್ಲೇ ಉಳಿಸಿ, ಹಂಚಿಕೆಯ ಕಪಾಟಿನಲ್ಲಿ ಪಾಸ್‌ವರ್ಡ್ ಇಲ್ಲದ ಒಂದು ಟಿಪ್ಪಣಿಯನ್ನು ಮಾತ್ರ ಇಟ್ಟೆವು: ಇಂಥ ಖಾತೆ ಇದೆ, ಇಂಥ ಇಮೇಲಿಗೆ ಸೇರಿದೆ, ಆಡಿಟರ ನಂಬರು ಇದು, ಎಂದಿಷ್ಟೆ. ತುರ್ತಿನಲ್ಲಿ ಪಾಸ್‌ವರ್ಡಿಗಿಂತ ಮೊದಲು ಬೇಕಾಗುವುದು ಇಂಥ ಮಾಹಿತಿ.

ಬ್ಯಾಂಕಿನ ವಿಷಯಕ್ಕೆ ಬಂದಾಗ ಚರ್ಚೆ ಬಿಸಿಯಾಯಿತು.

“ನನ್ನ ಪಿನ್ನು ನಿನಗೆ ಗೊತ್ತಿದ್ದರೆ ಬ್ಯಾಂಕಿನವರ ಗಂಟೇನು ಹೋಗುತ್ತದೆ?” ಎಂದು ಯಜಮಾನರು ಕೇಳಿದರು.

“ಬ್ಯಾಂಕಿನವರದ್ದು ಏನೂ ಹೋಗುವುದಿಲ್ಲ ರೀ, ಹೋಗುವುದು ನಮ್ಮದೇ,” ಎಂದು ಹೇಳಿ ಬೆಂಗಳೂರಿನ ಒಂದು ಪ್ರಕರಣವನ್ನು ವಿವರಿಸಿದೆ. 2013ರಲ್ಲಿ ಹೆರಿಗೆ ರಜೆಯಲ್ಲಿದ್ದ ಮಹಿಳೆಯೊಬ್ಬರು ತಮ್ಮ ಡೆಬಿಟ್ ಕಾರ್ಡನ್ನೂ ಪಿನ್ನನ್ನೂ ಗಂಡನಿಗೆ ಕೊಟ್ಟು ಎಟಿಎಮ್ಮಿನಿಂದ 25,000 ರೂಪಾಯಿ ತರಲು ಕಳುಹಿಸಿದ್ದರು. ಯಂತ್ರ ಚೀಟಿ ಕೊಟ್ಟಿತು, ದುಡ್ಡು ಕೊಡಲಿಲ್ಲ. ಖಾತೆಯಿಂದ ಮಾತ್ರ ಹಣ ಕಡಿತವಾಯಿತು. ವರ್ಷಗಟ್ಟಲೆ ನಡೆದ ಗ್ರಾಹಕ ವ್ಯಾಜ್ಯದಲ್ಲಿ 2018ರಲ್ಲಿ ತೀರ್ಪು ಬಂದಾಗ, ಪಿನ್ನನ್ನು ಬೇರೆಯವರಿಗೆ ಕೊಟ್ಟದ್ದೇ ನಿಯಮದ ಉಲ್ಲಂಘನೆ ಎಂಬ ಬ್ಯಾಂಕಿನ ವಾದವನ್ನು ವೇದಿಕೆ ಎತ್ತಿಹಿಡಿಯಿತು. ಆ ‘ಬೇರೆಯವರು’ ಕಟ್ಟಿಕೊಂಡ ಗಂಡನೇ ಆಗಿದ್ದರೂ ಲೆಕ್ಕಕ್ಕೆ ಬರಲಿಲ್ಲ. ಯಂತ್ರದ ದೋಷಕ್ಕೆ ಹೀಗೆ ತೀರ್ಪು ಕೊಟ್ಟದ್ದು ನನಗೆ ನ್ಯಾಯವೆಂದು ತೋರುವುದಿಲ್ಲ. ಆದರೆ ನಮ್ಮ ಮನೆಯ ವ್ಯವಸ್ಥೆಯನ್ನು ನನ್ನ ಅಭಿಪ್ರಾಯದ ಮೇಲೆ ಕಟ್ಟುವಂತಿಲ್ಲ.

ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯೂ ಇದೇ ತತ್ವವನ್ನು ಹೇಳಿತ್ತು. ಅದರ ಪ್ರಕಾರ, ಬ್ಯಾಂಕಿನದ್ದೂ ಅಲ್ಲದ, ಗ್ರಾಹಕರದ್ದೂ ಅಲ್ಲದ ಲೋಪದಿಂದ ಖಾತೆಯ ಹಣ ಹೋದರೆ, ಮಾಹಿತಿ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟದ ಹೊಣೆ ಇರುವುದಿಲ್ಲ. ಗ್ರಾಹಕರು ತಮ್ಮ ಪಾವತಿಯ ಗುಟ್ಟುಗಳನ್ನು ಹಂಚಿಕೊಂಡದ್ದರಿಂದ ನಷ್ಟವಾಗಿದ್ದರೆ, ಬ್ಯಾಂಕಿಗೆ ದೂರು ಕೊಡುವವರೆಗಿನ ಪೂರ್ತಿ ನಷ್ಟ ಅವರದೇ. ಹಂಚಿಕೆಯ ಕಪಾಟಿನಲ್ಲಿ ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಇಟ್ಟವರು ನಾಳೆ ಅದರಿಂದ ಮೋಸಹೋದರೆ ಈ ಎರಡನೆಯ ಸಾಲಿಗೆ ತಮ್ಮನ್ನು ತಾವೇ ಸೇರಿಸಿಕೊಂಡಂತೆ.

ಹಾಗಾದರೆ ಬ್ಯಾಂಕಿನ ಕೆಲಸವನ್ನು ಇಬ್ಬರೂ ನೋಡಿಕೊಳ್ಳುವುದು ಹೇಗೆ? ಬ್ಯಾಂಕೇ ಅದಕ್ಕೆ ವ್ಯವಸ್ಥೆ ಮಾಡಿದೆ. ನಮ್ಮ ಉಳಿತಾಯ ಖಾತೆ ಜಂಟಿಯಾಗಿದ್ದು, ‘ಐದರ್ ಆರ್ ಸರ್ವೈವರ್’ ಎಂಬ ಕ್ರಮದಲ್ಲಿದೆ. ಇಬ್ಬರಲ್ಲಿ ಯಾರು ಬೇಕಾದರೂ ನಡೆಸಬಹುದು, ಒಬ್ಬರು ತೀರಿಕೊಂಡರೆ ಉಳಿದವರಿಗೆ ಹೋಗುತ್ತದೆ. ಇಂಥ ಖಾತೆಯಲ್ಲಿ ಎರಡನೆಯ ಖಾತೆದಾರರೂ ತಮ್ಮದೇ ನೆಟ್‌ಬ್ಯಾಂಕಿಂಗ್ ಹೆಸರು, ತಮ್ಮದೇ ಡೆಬಿಟ್ ಕಾರ್ಡ್ ಪಡೆಯಬಹುದು. ನಾನು ಇಷ್ಟು ವರ್ಷ ಯಜಮಾನರ ಲಾಗಿನ್ನಿನಿಂದಲೇ ಪಾಸ್‌ಬುಕ್ ನೋಡುತ್ತಿದ್ದೆ. ಈಗ ಶಾಖೆಗೆ ಹೋಗಿ, ಅರ್ಜಿ ತುಂಬಿ, ನನ್ನ ಹೆಸರಿಗೆ ಬೇರೆ ಲಾಗಿನ್ ಮಾಡಿಸಿಕೊಂಡೆ. ಅಂದಹಾಗೆ, ಈಗಿನ ಬ್ಯಾಂಕಿನ ಆ್ಯಪ್‌ಗಳು ಫೋನಿಗೂ ಅದರಲ್ಲಿರುವ ಸಿಮ್ಮಿಗೂ ಬೆಸೆದುಕೊಂಡಿರುವುದರಿಂದ, ಪಾಸ್‌ವರ್ಡ್ ಹಂಚಿದರೂ ಇನ್ನೊಬ್ಬರ ಫೋನಿನಲ್ಲಿ ಅವು ತೆರೆಯುವುದಿಲ್ಲ.

ಯುಪಿಐಗೂ ಇಂಥದ್ದೇ ದಾರಿ ಇದೆ. ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ 2024ರ ಆಗಸ್ಟ್‌ನಲ್ಲಿ ತಂದ ಯುಪಿಐ ಸರ್ಕಲ್‌ನಲ್ಲಿ ಖಾತೆದಾರರು ತಮ್ಮ ಪಿನ್ ಹೇಳದೆಯೇ ಐದು ಜನರವರೆಗೆ ಪಾವತಿಯ ಅಧಿಕಾರ ಕೊಡಬಹುದು. ಪೂರ್ಣ ಅಧಿಕಾರ ಕೊಟ್ಟರೆ ತಿಂಗಳಿಗೆ ಗರಿಷ್ಠ 15,000 ರೂಪಾಯಿ, ಒಂದು ಸಲಕ್ಕೆ 5,000 ರೂಪಾಯಿ. ಭಾಗಶಃ ಕೊಟ್ಟರೆ ಪ್ರತಿ ಪಾವತಿಗೂ ಖಾತೆದಾರರೇ ಪಿನ್ ಹಾಕಿ ಒಪ್ಪಿಗೆ ಕೊಡಬೇಕು. ಜಂಟಿ ಖಾತೆ ಇರುವ ನಮಗೆ ಇದು ಬೇಕಾಗಲಿಲ್ಲ, ಅಂಗಡಿಗೆ ಹೋಗಿಬರುವ ಅತ್ತೆಯವರಿಗೆ ಮಾಡಿಕೊಟ್ಟೆವು.

ಮಾಸ್ಟರ್ ಪಾಸ್‌ವರ್ಡ್

ಮಾಸ್ಟರ್ ಪಾಸ್‌ವರ್ಡ್ ಬಿಟ್‌ವಾರ್ಡನ್‌ನ ಸರ್ವರಿಗೆ ಹೋಗುವುದೇ ಇಲ್ಲ. ನಮ್ಮ ಸಾಧನದಲ್ಲೇ ಅದನ್ನು ಪಿಬಿಕೆಡಿಎಫ್2 ಎಂಬ ಲೆಕ್ಕಕ್ಕೆ ಪೂರ್ವನಿಗದಿಯಂತೆ 6 ಲಕ್ಷ ಸಲ ಒಳಪಡಿಸಿ ಕೀಲಿಯನ್ನು ಹುಟ್ಟಿಸಲಾಗುತ್ತದೆ. ಆದ್ದರಿಂದ ಮರೆತರೆ ಕೇಳಿ ಪಡೆಯಲು ಯಾರೂ ಇಲ್ಲ. ಉದ್ದವಾಗಿರಬೇಕು, ನೆನಪಿನಲ್ಲೂ ಉಳಿಯಬೇಕು ಎಂದರೆ ಒಂದಕ್ಕೊಂದು ಸಂಬಂಧವಿಲ್ಲದ ಐದು ಪದಗಳ ಸಾಲೇ ಒಳ್ಳೆಯದು. ಆ ಪದಗಳನ್ನು ನಾವೇ ಯೋಚಿಸಿ ಆರಿಸಬಾರದು, ಯೋಚಿಸಿದರೆ ಕಾಫಿ, ಮೆಣಸು, ಮಗಳ ಹೆಸರು ಇವೇ ಬರುತ್ತವೆ. ನಿಘಂಟನ್ನು ಕಣ್ಣುಮುಚ್ಚಿ ತೆರೆದು, ದಾಳ ಹಾಕಿ ಬಂದ ಸಂಖ್ಯೆಯ ಪದವನ್ನು ತೆಗೆದುಕೊಂಡೆವು. ಯಜಮಾನರದನ್ನು ನಾನು ನೋಡಲಿಲ್ಲ, ನನ್ನದನ್ನು ಅವರು ನೋಡಲಿಲ್ಲ.

ಇದನ್ನು ಕನ್ನಡ ಲಿಪಿಯಲ್ಲೇ ಇಟ್ಟುಕೊಳ್ಳುವ ಆಸೆ ಇತ್ತು. ಪರೀಕ್ಷಿಸಿ ನೋಡಿ ಕೈಬಿಟ್ಟೆವು. ‘ಓ’ಕಾರದ ಚಿಹ್ನೆ ಕಂಪ್ಯೂಟರಿನ ಅಕ್ಷರ ಸಂಕೇತಗಳಾದ ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬರಬಹುದು, ಬಿಡಿ ತುಂಡುಗಳ ಜೋಡಣೆಯಾಗಿಯೂ ಬರಬಹುದು, ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಅರ್ಧಾಕ್ಷರದ ನಂತರ ಕೆಲವು ಕೀಲಿಮಣೆಗಳು ಕಣ್ಣಿಗೆ ಕಾಣದ ಒಂದು ಅಕ್ಷರವನ್ನು ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಫೋನಿನಲ್ಲಿ ಟೈಪಿಸಿದ್ದು ಲ್ಯಾಪ್‌ಟಾಪಿನಲ್ಲಿ ಒಪ್ಪಿಗೆಯಾಗದಿದ್ದರೆ ಕಾರಣ ಹುಡುಕುವುದು ಅಸಾಧ್ಯ. ಹಾಗಾಗಿ ಕನ್ನಡದ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದೆಂದಾಯಿತು. ಅಲ್ಲಿಯೂ ಒಂದು ತೊಡಕಿದೆ: ದೀರ್ಘಕ್ಕೆ ಎರಡು ‘ಎ’ ಹಾಕುವುದೋ ಒಂದೋ, ‘ಶ’ಕ್ಕೂ ‘ಸ’ಕ್ಕೂ ವ್ಯತ್ಯಾಸ ತೋರಿಸುವುದೋ ಬೇಡವೋ ಎಂಬುದನ್ನು ಮೊದಲೇ ನಿರ್ಧರಿಸಿ, ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿಟ್ಟುಕೊಂಡು, ಮೊದಲ ವಾರ ಬೆರಳಚ್ಚು ಬಿಟ್ಟು ಕೈಯಲ್ಲೇ ಟೈಪಿಸಿ ರೂಢಿ ಮಾಡಿಕೊಂಡೆವು.

ಕಪಾಟನ್ನು ಕಟ್ಟಿದ್ದು

ಇಬ್ಬರೂ ತಮ್ಮ ತಮ್ಮ ಇಮೇಲಿನಿಂದ ಖಾತೆ ತೆರೆದೆವು. ನಾನು ಲ್ಯಾಪ್‌ಟಾಪಿನಲ್ಲಿ ವೆಬ್ ವಾಲ್ಟ್‌ಗೆ ಹೋಗಿ ‘ನಮ್ಮ ಮನೆ’ ಎಂಬ ಆರ್ಗನೈಸೇಷನ್ ಮಾಡಿ, ಯಜಮಾನರ ಇಮೇಲಿಗೆ ಆಹ್ವಾನ ಕಳುಹಿಸಿದೆ. ಈ ಆಹ್ವಾನಕ್ಕೆ ಐದು ದಿನದ ಗಡುವಿದೆ. ಅವರು ಕೊಂಡಿಯನ್ನು ಒತ್ತಿ ಒಪ್ಪಿಕೊಂಡ ಮೇಲೂ ಅವರ ಫೋನಿನಲ್ಲಿ ಕಪಾಟು ಖಾಲಿಯೇ ಕಾಣುತ್ತಿತ್ತು. ಕಾರಣವೇನೆಂದರೆ ಆಹ್ವಾನ, ಒಪ್ಪಿಗೆ ಇವೆರಡರ ನಂತರ ದೃಢೀಕರಣವೆಂಬ ಮೂರನೆಯ ಹೆಜ್ಜೆ ಇದೆ ಮತ್ತು ಅದನ್ನು ಮಾಡಬೇಕಾದವರು ಆಹ್ವಾನ ಕೊಟ್ಟ ಕಡೆಯವರು. ಅದನ್ನು ಒತ್ತಿದಾಗ ಪರದೆಯ ಮೇಲೆ ಅಡ್ಡಗೆರೆಗಳಿಂದ ಸೇರಿಸಿದ ಐದು ಇಂಗ್ಲಿಷ್ ಪದಗಳು ಮೂಡುತ್ತವೆ. ಅವೇ ಐದು ಪದಗಳು ಯಜಮಾನರ ಆ್ಯಪಿನ ಸೆಟ್ಟಿಂಗ್ಸ್‌ನಲ್ಲೂ ಇರಬೇಕು.

ಬಹಳ ಜನ ಇದನ್ನು ಓದದೆ ಮುಂದೆ ಒತ್ತುತ್ತಾರೆಂದು ಕಾಣುತ್ತದೆ. ನಾವು ಹಾಗೆ ಮಾಡಲಿಲ್ಲ. ನೆಟ್‌ವರ್ಕ್ ಸಿಗುವ ಜಗಲಿಯ ಮೂಲೆಯಲ್ಲಿ ನಿಂತು, ಹೆಂಚಿನ ಮೇಲೆ ಸುರಿಯುವ ಮಳೆಯ ಸದ್ದಿಗಿಂತ ಜೋರಾಗಿ ಯಜಮಾನರು ಒಂದೊಂದೇ ಪದವನ್ನು ಓದಿದರು. ಅರ್ಥ ತಿಳಿಯದ ಒಂದು ಪದವನ್ನು ಅಕ್ಷರ ಅಕ್ಷರವಾಗಿ ಹೇಳಿದರು. ಒಳಗೆ ಕೂತಿದ್ದ ನಾನು ಪರದೆಯ ಮೇಲೆ ಬೆರಳಿಟ್ಟು ಹೊಂದಿಸಿಕೊಂಡೆ. ಇದರ ಉದ್ದೇಶ ಇಷ್ಟು: ಕಪಾಟಿನ ಕೀಲಿಯನ್ನು ಅವರ ಸಾರ್ವಜನಿಕ ಕೀಲಿಯಿಂದ (ಬೀಗ ಹಾಕಲಷ್ಟೇ ಬರುವ, ಬೇರೆಯವರಿಗೂ ಕೊಡಬಹುದಾದ ಕೀಲಿ) ಗೂಢಲಿಪೀಕರಿಸಿ ಅವರಿಗೆ ದಾಟಿಸಲಾಗುತ್ತದೆ. ನಡುವೆ ಯಾರಾದರೂ ಅವರ ಕೀಲಿಯ ಜಾಗದಲ್ಲಿ ತಮ್ಮದನ್ನು ಇಟ್ಟಿದ್ದರೆ ಆ ಐದು ಪದಗಳು ತಾಳೆಯಾಗುವುದಿಲ್ಲ. ಒಂದೇ ಮನೆಯವರಿಗೆ ಇಷ್ಟೆಲ್ಲ ಬೇಕೇ ಎಂದರೆ, ಒಂದು ನಿಮಿಷದ ಕೆಲಸ, ಮಾಡಿಬಿಡುವುದು ಒಳ್ಳೆಯದು.

ದೃಢೀಕರಣದ ನಂತರ ಅವರನ್ನೂ ‘ಓನರ್’ ಮಾಡಿದೆ. ಒಡೆತನ ಒಬ್ಬರ ಹೆಸರಿನಲ್ಲೇ ಇದ್ದರೆ, ಆ ಒಬ್ಬರ ಖಾತೆ ಕೈತಪ್ಪಿದಾಗ ಕಪಾಟಿನ ನಿರ್ವಹಣೆಯೂ ಕೈತಪ್ಪುತ್ತದೆ. ಎರಡು ಕಲೆಕ್ಷನ್‌ಗಳಿಗೆ ‘ಮನೆ’ ಮತ್ತು ‘ತೋಟ’ ಎಂದು ಹೆಸರಿಟ್ಟೆವು. ಎರಡೇ ಸಿಗುತ್ತವೆ ಎಂಬ ಮಿತಿ ನಮಗಂತೂ ಹೇಳಿ ಮಾಡಿಸಿದಂತಿತ್ತು.

ಖಾಸಗಿ ಪೆಟ್ಟಿಗೆಯಿಂದ ಒಂದು ಪಾಸ್‌ವರ್ಡನ್ನು ಕಪಾಟಿಗೆ ಸೇರಿಸಿದ ಕ್ಷಣದಿಂದ ಅದರ ಒಡೆತನ ಆರ್ಗನೈಸೇಷನ್ನಿಗೆ ಹೋಗುತ್ತದೆ ಎಂಬುದನ್ನು ಮನಸ್ಸಿನಲ್ಲಿಡಬೇಕು. ನನ್ನ ಖಾಸಗಿ ಪೆಟ್ಟಿಗೆಯನ್ನು ರಫ್ತು ಮಾಡಿದರೆ, ಅಂದರೆ ಕಡತವಾಗಿ ಹೊರತೆಗೆದರೆ, ಅದರಲ್ಲಿ ಕಪಾಟಿನದ್ದು ಬರುವುದಿಲ್ಲ. ಅದಕ್ಕೆ ಆರ್ಗನೈಸೇಷನ್ನಿನ ರಫ್ತನ್ನು ಬೇರೆಯಾಗಿ ಮಾಡಬೇಕು. ಬ್ಯಾಕಪ್ ಇದೆ ಎಂದು ನೆಮ್ಮದಿಯಿಂದಿದ್ದವರಿಗೆ ಅರ್ಧ ಮನೆಯೇ ಅದರಲ್ಲಿಲ್ಲ ಎಂದು ಗೊತ್ತಾಗುವುದು ಇಲ್ಲಿಯೇ. ನಾವು ಎರಡನ್ನೂ ತೆಗೆದು, ಪಾಸ್‌ವರ್ಡ್ ಹಾಕಿದ ಗೂಢ ಕಡತವಾಗಿ ಪೆನ್‌ಡ್ರೈವಿನಲ್ಲಿ ಇಟ್ಟಿದ್ದೇವೆ.

ಹಳೆಯ ಪಾಸ್‌ವರ್ಡ್‌ಗಳನ್ನು ಹಾಗೆಯೇ ಒಳಗೆ ತುಂಬಿದರೆ ಬೂಸ್ಟು ಹಿಡಿದ ಸಾಮಾನನ್ನು ಒರೆಸದೆ ಒಳಗಿಟ್ಟಂತಾಗುತ್ತಿತ್ತು. ಆದ್ದರಿಂದ ಸೇರಿಸುವಾಗಲೇ ಒಂದೊಂದನ್ನೂ ಹೊಸದಾಗಿ ಬದಲಿಸಿದೆವು. ಇಮೇಲ್ ಮೊದಲು, ನಂತರ ಮಿಕ್ಕವು. ಏಕೆಂದರೆ ಉಳಿದ ಎಲ್ಲ ಖಾತೆಗಳ ‘ಪಾಸ್‌ವರ್ಡ್ ಮರೆತಿರಾ’ ಎಂಬ ಕೊಂಡಿ ಬಂದು ಬೀಳುವುದು ಇಮೇಲಿಗೇ.

ನೆಟ್‌ವರ್ಕ್ ಹೋದಾಗ

ಕೊಡಗಿನಲ್ಲಿ ಇಂಥದ್ದನ್ನು ಕಟ್ಟುವವರು ಮಳೆಗಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಕಟ್ಟಿ ಪ್ರಯೋಜನವಿಲ್ಲ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದಾಗ ರಸ್ತೆಯ ಜೊತೆಗೆ ಕರೆಂಟೂ ಫೋನೂ ಹೋಗಿದ್ದವು. ಆದ್ದರಿಂದ ಎರಡೂ ಫೋನುಗಳನ್ನು ಏರೋಪ್ಲೇನ್ ಮೋಡಿನಲ್ಲಿಟ್ಟು ಪರೀಕ್ಷಿಸಿದೆವು. ಒಮ್ಮೆ ಲಾಗಿನ್ ಆಗಿರುವ ಸಾಧನದಲ್ಲಿ ಪಾಸ್‌ವರ್ಡ್‌ಗಳ ಗೂಢ ಪ್ರತಿ ಉಳಿದಿರುತ್ತದೆ. ನೆಟ್ ಇಲ್ಲದಿದ್ದರೂ ತೆರೆದು ಓದಬಹುದು, ತಿದ್ದಲು ಮಾತ್ರ ಬರುವುದಿಲ್ಲ. ಆದರೆ ಇದೆಲ್ಲ ಒಂದು ಸೆಟ್ಟಿಂಗ್‌ನ ಮೇಲೆ ನಿಂತಿದೆ. ಅವಧಿ ಮುಗಿದಾಗ ಆ್ಯಪ್ ‘ಲಾಕ್’ ಆಗುವಂತೆ ಇಟ್ಟರೆ ಬೆರಳಚ್ಚಿನಿಂದಲೋ ಮಾಸ್ಟರ್ ಪಾಸ್‌ವರ್ಡಿನಿಂದಲೋ ತೆರೆಯಬಹುದು. ‘ಲಾಗ್ ಔಟ್’ ಆಗುವಂತೆ ಇಟ್ಟರೆ ಮತ್ತೆ ಸರ್ವರಿನ ಸಂಪರ್ಕ ಸಿಗುವವರೆಗೆ ಬಾಗಿಲು ಮುಚ್ಚಿದ್ದೇ. ಎರಡನ್ನೂ ಮಾಡಿ ನೋಡಿ, ಇಬ್ಬರ ಫೋನಿನಲ್ಲೂ ‘ಲಾಕ್’ ಎಂದೇ ಇಟ್ಟಿದ್ದೇವೆ. ಸುರಕ್ಷತೆಯ ದೃಷ್ಟಿಯಿಂದ ಲಾಗ್ ಔಟ್ ಮೇಲು ಎನ್ನುವವರು ಪೇಟೆಯಲ್ಲಿರುವವರು.

ಇದಕ್ಕೆ ಹೊಂದಿದ ಇನ್ನೊಂದು ಗಂಟಿದೆ. ಎರಡನೇ ಹಂತದ ಪರಿಶೀಲನೆ ಇಲ್ಲದ ಖಾತೆಗಳಿಗೆ 2025ರಿಂದ ಬಿಟ್‌ವಾರ್ಡನ್ ಹೊಸ ಸಾಧನದಲ್ಲಿ ಲಾಗಿನ್ ಆಗುವಾಗ ಇಮೇಲಿಗೆ ಒಂದು ಸಂಕೇತ ಕಳುಹಿಸುತ್ತದೆ. ಆ ಇಮೇಲಿನ ಪಾಸ್‌ವರ್ಡ್ ಇರುವುದು ಬಿಟ್‌ವಾರ್ಡನ್ನಿನ ಒಳಗೆ ಮಾತ್ರ ಆದರೆ, ಫೋನು ಕಳೆದ ದಿನ ಪೆಟ್ಟಿಗೆಯ ಕೀಲಿ ಪೆಟ್ಟಿಗೆಯೊಳಗೇ ಉಳಿಯುತ್ತದೆ. ಆದ್ದರಿಂದ ಇಮೇಲಿನ ಪಾಸ್‌ವರ್ಡನ್ನು ಕಾಗದದಲ್ಲೂ ಬರೆದೆವು. ಫೋನಿನಲ್ಲೇ ಸಂಕೇತ ಹುಟ್ಟಿಸುವ ಅಥೆಂಟಿಕೇಟರ್ ಆ್ಯಪಿನ ಎರಡನೇ ಹಂತವನ್ನು ಇಬ್ಬರ ಖಾತೆಗೂ ಹಾಕಿ, ಅದು ಕೈತಪ್ಪಿದಾಗ ಬಳಸುವ ರಿಕವರಿ ಸಂಕೇತವನ್ನೂ ಅದೇ ಕಾಗದಕ್ಕೆ ಸೇರಿಸಿದೆವು.

ಒಟಿಪಿ ವಿಷಯದಲ್ಲಿ ಹಾಳೆಯನ್ನು ಮತ್ತೆ ನೋಡಿದಾಗ ತೋಟದ ಖಾತೆಗಳಲ್ಲಿ ಬಹುಪಾಲು ಯಜಮಾನರ ಹಳೆಯ ಎರಡನೇ ಸಿಮ್ಮಿಗೆ ಸೇರಿದ್ದು ಕಂಡಿತು. ಪ್ರೀಪೇಯ್ಡ್ ಸಿಮ್ಮನ್ನು 90 ದಿನ ಬಳಸದೆ ಬಿಟ್ಟರೆ ನಂಬರು ರದ್ದಾಗಿ, ಮುಂದೆ ಬೇರೆಯವರ ಪಾಲಾಗಬಹುದು. ಪಾಸ್‌ವರ್ಡನ್ನು ಎಷ್ಟು ಜೋಪಾನ ಮಾಡಿದರೂ ಒಟಿಪಿ ಅಪರಿಚಿತರಿಗೆ ಹೋದರೆ ಫಲವಿಲ್ಲ. ಮನೆಯ ಖಾತೆಗಳ ನಂಬರನ್ನು ಹೆಚ್ಚಾಗಿ ಮನೆಯಲ್ಲೇ ಇರುವ ನನ್ನ ಫೋನಿಗೆ ಬದಲಿಸಿದೆವು. ಅವರ ಹೆಸರಿನ ಖಾತೆಗಳನ್ನು ಅವರ ಮುಖ್ಯ ನಂಬರಿಗೆ ತಂದೆವು.

ಒಬ್ಬರಿಲ್ಲದಾಗ

ಈ ಮಾತನ್ನು ಎತ್ತಲು ಯಜಮಾನರಿಗೆ ಇಷ್ಟವಿರಲಿಲ್ಲ. ಅತ್ತೆಯವರೇ “ಬರೆದಿಟ್ಟುಬಿಡಿ, ನಿಮ್ಮ ಮಾವ ಹೋದಾಗ ಪಟ್ಟ ಪಾಡು ಸಾಕು” ಎಂದರು. ಬಿಟ್‌ವಾರ್ಡನ್‌ನಲ್ಲಿ ತುರ್ತು ಪ್ರವೇಶ ಎಂಬ ವ್ಯವಸ್ಥೆ ಇದೆ. ನಂಬಿಗಸ್ತರೊಬ್ಬರನ್ನು ಹೆಸರಿಸಿಟ್ಟರೆ ಅವರು ಬೇಡಿಕೆ ಸಲ್ಲಿಸಬಹುದು; ನಾವು ನಿಗದಿಪಡಿಸಿದ ದಿನಗಳೊಳಗೆ ತಿರಸ್ಕರಿಸದಿದ್ದರೆ ಖಾಸಗಿ ಪೆಟ್ಟಿಗೆ ಅವರಿಗೆ ತೆರೆಯುತ್ತದೆ. ಇದಕ್ಕೆ ಕೊಡುವವರು ಹಣ ಕಟ್ಟಿದ ಪ್ರೀಮಿಯಂ ಸದಸ್ಯರಾಗಿರಬೇಕು, ಪಡೆಯುವವರಿಗೆ ಉಚಿತ ಖಾತೆ ಸಾಕು. ನಾವು ಸದ್ಯಕ್ಕೆ ಹಣ ಕಟ್ಟದೆ ಕಾಗದದ ದಾರಿ ಹಿಡಿದೆವು. ಇಬ್ಬರ ಮಾಸ್ಟರ್ ಪಾಸ್‌ವರ್ಡ್ ಮತ್ತು ರಿಕವರಿ ಸಂಕೇತಗಳು ಬೇರೆ ಬೇರೆ ಲಕೋಟೆಯಲ್ಲಿ, ಪೆನ್ಸಿಲಿನಲ್ಲಿ ಬರೆದು, ತೇವ ಹೋಗದಂತೆ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಡ್ರೇಜ್ ಬೀರುವಿನ ಒಳಪೆಟ್ಟಿಗೆಯಲ್ಲಿವೆ. ಅಂಗಡಿಯಲ್ಲಿ ಲ್ಯಾಮಿನೇಷನ್ ಮಾಡಿಸಬಹುದಿತ್ತು, ಆದರೆ ಅದಕ್ಕೆ ಆ ಹಾಳೆಯನ್ನು ಪರರ ಕೈಗೆ ಕೊಡಬೇಕು.

ಗೂಗಲ್ ಖಾತೆಗೆ ಅವರದೇ ಏರ್ಪಾಡಿದೆ. 2013ರಿಂದ ಇರುವ ಇನ್ಆ್ಯಕ್ಟಿವ್ ಅಕೌಂಟ್ ಮ್ಯಾನೇಜರಿನಲ್ಲಿ 3, 6, 12 ಅಥವಾ 18 ತಿಂಗಳು ಚಟುವಟಿಕೆ ಇಲ್ಲದಿದ್ದರೆ ಯಾರಿಗೆ ತಿಳಿಸಬೇಕು, ಏನನ್ನು ಕೊಡಬೇಕು ಎಂದು ಗೊತ್ತುಮಾಡಬಹುದು. ಪರಸ್ಪರರ ಹೆಸರನ್ನು ಹಾಕಿದೆವು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಗೂಗಲ್ ಅಳಿಸಿಹಾಕಬಹುದಾದ್ದರಿಂದ ಇದನ್ನು ಮುಂದೂಡುವುದು ಸರಿಯಲ್ಲ.

ಬ್ಯಾಂಕಿನ ಹಣಕ್ಕೆ ಮಾತ್ರ ಲಕೋಟೆಯ ಪಾಸ್‌ವರ್ಡ್ ಉತ್ತರವೇ ಅಲ್ಲ. ಖಾತೆದಾರರು ತೀರಿಕೊಂಡ ಮೇಲೆ ಅವರ ಲಾಗಿನ್ನಿನಿಂದ ಹಣ ವರ್ಗಾಯಿಸಿಕೊಂಡರೆ ಮುಂದೆ ವಾರಸುದಾರರ ನಡುವೆ ತಕರಾರಿಗೆ ಎಡೆಯಾಗುತ್ತದೆ. ಅಲ್ಲಿ ಬೇಕಾಗುವುದು ನಾಮನಿರ್ದೇಶನ. ನಾಮಿನಿಯೂ ಆ ಹಣವನ್ನು ವಾರಸುದಾರರ ಪರವಾಗಿ ಪಡೆಯುವವರೇ ಹೊರತು ಅದರಿಂದಲೇ ಒಡೆಯರಾಗುವುದಿಲ್ಲ. 2025ರ ನವೆಂಬರ್ 1ರಿಂದ ಒಂದು ಠೇವಣಿ ಖಾತೆಗೆ ನಾಲ್ಕು ನಾಮಿನಿಗಳವರೆಗೆ ಹೆಸರಿಸಬಹುದು. ಹೊಸ ಲಾಗಿನ್ನಿಗೆ ಅರ್ಜಿ ಕೊಟ್ಟ ದಿನವೇ ಇದರ ಅರ್ಜಿಯನ್ನೂ ಕೊಟ್ಟು, ಸ್ವೀಕೃತಿಯ ಚಿತ್ರವನ್ನು ಫೋನಿನಲ್ಲಿ ತೆಗೆದಿಟ್ಟು, ಅದು ಎಲ್ಲಿದೆ ಎಂಬುದನ್ನು ‘ಮನೆ’ ಕಲೆಕ್ಷನ್ನಿನ ಟಿಪ್ಪಣಿಯಲ್ಲಿ ಬರೆದೆ.

ಸದ್ಯಕ್ಕೆ ಉಳಿದಿರುವುದು ವಿದ್ಯುತ್ ಸಂಪರ್ಕದ ವಿಷಯ. ಮನೆಯ ಮೀಟರು ಇಂದಿಗೂ ಮಾವನವರ ಹೆಸರಿನಲ್ಲಿದೆ, ಬಿಲ್ಲಿನ ಎಸ್‌ಎಂಎಸ್ ಬರುವುದು ಬಳಕೆಯಲ್ಲಿಲ್ಲದ ಅವರ ನಂಬರಿಗೆ. ಹೆಸರು ಬದಲಾವಣೆಗೆ ವಂಶವೃಕ್ಷವನ್ನೂ ಮರಣ ಪ್ರಮಾಣಪತ್ರವನ್ನೂ ಜೋಡಿಸಿ ಅರ್ಜಿ ಸಿದ್ಧಪಡಿಸಿದ್ದೇವೆ. ಮಳೆ ಸ್ವಲ್ಪ ಬಿಟ್ಟ ಮೇಲೆ ಯಜಮಾನರು ಸೋಮವಾರಪೇಟೆಗೆ ಹೋಗಿ ಕೊಟ್ಟು ಬರಲಿದ್ದಾರೆ. ಅಲ್ಲಿಯವರೆಗೆ ಕಪಾಟಿನ ಆ ನಮೂದಿನ ಟಿಪ್ಪಣಿಯಲ್ಲಿ ಮೀಟರಿನ ಆರ್.ಆರ್. ಸಂಖ್ಯೆಯ ಕೆಳಗೆ ‘ಒಟಿಪಿ ಬರುವುದಿಲ್ಲ, ಬಿಲ್ಲನ್ನು ಕೌಂಟರಿನಲ್ಲಿ ಕಟ್ಟುವುದು’ ಎಂದು ಬರೆದಿಟ್ಟಿದ್ದೇನೆ.